ಐವತ್ತು ಗ್ರಾಂ

"ನಾನು ಹೋಗಲ್ಲ ಸಾರ್. ಬಸ್ಸು ಬೇಕಾದ್ರೆ ಹೋಗ್ಲಿ."

ಇಷ್ಟು ಹೇಳಿ ಮಹಾಲಕ್ಷ್ಮೀ ದೊಡ್ಡ ಮೇಜಿನ ಬಳಿಯ ತನ್ನ ಜಾಗದಲ್ಲಿ ಹೋಗಿ ಕೂತುಬಿಟ್ಟಳು. ಹೊಸನಗರದ ಹೈಸ್ಕೂಲಿನ ಗೇಟಿನ ಹೊರಗೆ ಹುಲಿಕಲ್ ಕಡೆಗೆ ಹೋಗುವ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಹುಡುಗಿ ಹತ್ತುವವರೆಗೆ ಬಿಡಬೇಡ ಎಂದು ಕಂಡಕ್ಟರಿಗೆ ಹೇಳಿ ಕಳಿಸಿದವರು ಪ್ರೊಫೆಸರ್ ನಾರಾಯಣಮೂರ್ತಿಗಳೇ.

ಬಾಗಿಲಲ್ಲಿ ನಿಂತಿದ್ದ ಭಾಗೀರಥಮ್ಮ ಎಡಗೆನ್ನೆಯನ್ನು ಅಂಗೈಯಿಂದ ಒತ್ತಿಕೊಂಡು ಎಲ್ಲರ ಮುಖಗಳನ್ನೂ ನೋಡುತ್ತಿದ್ದರು. ಹಿಂದಿನ ದಿನ ರಿಪ್ಪನ್‌ಪೇಟೆಯ ಡಾಕ್ಟರು ದವಡೆಹಲ್ಲು ಕಿತ್ತಿದ್ದರು. ಕೆನ್ನೆ ಗಡ್ಡೆಯ ಹಾಗೆ ಊದಿತ್ತು. ಮಾತಾಡಿದರೆ ನೋವು, ಮಾತಾಡದಿದ್ದರೆ ಈ ಹುಡುಗಿಗೆ ಗತಿಯಿಲ್ಲ.

ಆ ಬೆಳಿಗ್ಗೆ ನಡೆದದ್ದು ಇಷ್ಟು. ಮಾರನೆಯ ದಿನ ಬಲೂನಿಗೆ ಕಟ್ಟಿ ಹಾರಿಸಬೇಕಾಗಿದ್ದ ಪೆಟ್ಟಿಗೆಯ ಗುಂಡಿ ಒತ್ತಿದರೆ ರೇಡಿಯೋ ಸದ್ದೇ ಮಾಡಲಿಲ್ಲ. ಬಿಚ್ಚಿ ನೋಡಿದರೆ ಬ್ಯಾಟರಿ ಇರಬೇಕಾದ ಕಡೆ ಮರಳು ತುಂಬಿದ ಒಂದು ಬಟ್ಟೆಚೀಲ. ಬ್ಯಾಟರಿ ತೆಗೆದವಳು ಮಹಾಲಕ್ಷ್ಮೀ ಎಂದು ಪ್ರೊಫೆಸರ್ ತೀರ್ಮಾನಿಸಿದ್ದರು.

ಅದು ಬರಿಯ ಆಟದ ಬಲೂನಲ್ಲ. ಅರವತ್ತೇಳರ ಆ ಡಿಸೆಂಬರ್ ರಜೆಯಲ್ಲಿ ಬೇರೆ ಬೇರೆ ಕಾಲೇಜುಗಳ ವಿಜ್ಞಾನದ ವಿದ್ಯಾರ್ಥಿಗಳನ್ನು ಆರಿಸಿ, ಬಾಹ್ಯಾಕಾಶ ಯಾತ್ರೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲರೂ ಸೇರಿ ಹೇಗೆ ಯೋಜಿಸಬೇಕು ಎಂದು ಕೈಯಿಂದಲೇ ಮಾಡಿಸಿ ಕಲಿಸುವ ಶಿಬಿರ ಅದು. ಪೆಟ್ಟಿಗೆ ಬಲೂನಿನಲ್ಲಿ ಏರಿ, ಮೇಲಿನ ಗಾಳಿಯ ಶಾಖವನ್ನು ರೇಡಿಯೋದಲ್ಲಿ ಹೇಳುತ್ತ ಹೋಗಿ, ಪ್ಯಾರಾಶೂಟ್ ಎಂಬ ರೇಷ್ಮೆಯ ಕೊಡೆ ಬಿಚ್ಚಿಕೊಂಡು ಸುಖವಾಗಿ ಇಳಿದರೆ, ಇದೇ ತಂಡದ ಇನ್ನೊಂದು ಪೆಟ್ಟಿಗೆಗೆ ಕೇರಳದ ಕಡಲತೀರದಿಂದ ಏರುವ ರಾಕೆಟ್ಟಿನ ಮೂತಿಯಲ್ಲಿ ಜಾಗ ಸಿಗುವುದಿತ್ತು.

ಮೇಜಿನ ಸುತ್ತ ನಾಲ್ಕು ಜನ. ಬ್ಯಾಟರಿಗೆ ಜಯಪ್ಪ. ರೇಡಿಯೋಗೆ ಸಾಗರದ ವೆಂಕಟರಾಮ. ಬಲೂನಿಗೆ ಮಂಜುನಾಥಪ್ಪ. ಕೊಡೆಗೆ ಮಹಾಲಕ್ಷ್ಮೀ.

ಶಿಬಿರಕ್ಕೆ ಇವಳೊಬ್ಬಳೇ ಹುಡುಗಿ. ಜೊತೆಗೆ ಹಿರಿಯ ಹೆಂಗಸೊಬ್ಬರು ಇರಲೇಬೇಕೆಂದು ಇವಳ ಅಪ್ಪ ದುಗ್ಗಪ್ಪ ಹಟ ಹಿಡಿದದ್ದರಿಂದ ತೀರ್ಥಹಳ್ಳಿಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಭಾಗೀರಥಮ್ಮನವರನ್ನು ಕರೆಸಿದ್ದರು. ಕಳವುಗಳನ್ನು ಪತ್ತೆ ಮಾಡಿ ಪೊಲೀಸರ ಬಾಯಲ್ಲೇ ಭಲೆ ಅನ್ನಿಸಿಕೊಂಡ ಹೆಂಗಸು ಇವರು ಎಂಬುದು ಪ್ರೊಫೆಸರಿಗೆ ತಿಳಿದಿರಲಿಲ್ಲ.

ದುಗ್ಗಪ್ಪನ ಎರಡನೆಯ ಕರಾರು ಇನ್ನೂ ಬಿಗಿಯಾಗಿತ್ತು. ಮಗಳ ಮೇಲೆ ಒಂದೇ ಒಂದು ದೂರು ಬಂದರೂ ಕಾಲೇಜು ಅಲ್ಲಿಗೆ ಮುಗಿಯಿತು. ಸೋದರಮಾವನ ಮಗ ಹೇಗೂ ಕಾದಿದ್ದಾನೆ. ಆ ಬಸ್ಸು ಹತ್ತಿದರೆ ಮಹಾಲಕ್ಷ್ಮೀ ಬಿಟ್ಟು ಹೋಗುವುದು ಬರಿ ಶಿಬಿರವನ್ನಲ್ಲ, ಓದನ್ನೂ.

"ಅಮ್ಮಾ, ತಾವಾದರೂ ಹೇಳಿ," ಎಂದರು ಪ್ರೊಫೆಸರ್. "ಪೊಲೀಸು ಗಿಲೀಸು ಬೇಡ ಅಂತ ನಾನೇ ಮರ್ಯಾದೆಯಿಂದ ಕಳಿಸ್ತಾ ಇದೀನಿ. ಮೈಗೆ ಹುಷಾರಿಲ್ಲ ಅಂತ ಮನೆಗೆ ಬರೆಯೋಣ."

"ಮೈಗೆ ಹುಷಾರಿಲ್ಲದೆ ಇರೋದು ನನಗೆ," ಎಂದರು ಭಾಗೀರಥಮ್ಮ. "ಅವಳು ಗಟ್ಟಿಯಾಗಿದಾಳೆ. ಮೊದಲು ಆ ಚೀಲ ಕೊಡಿ ಇಲ್ಲಿ."

ಚೀಲ ಅವರ ಕೈಗೆ ಬಂತು. ಅಂಗೈಯಗಲದ ಬಿಳಿ ಬಟ್ಟೆ. ಕೊಡೆಗೆ ತಂದ ರೇಷ್ಮೆಯದೇ ತುಂಡು, ಅದರದೇ ದಾರ. ಪ್ರೊಫೆಸರ ಆರೋಪವೆಲ್ಲ ನಿಂತಿದ್ದದ್ದು ಇದರ ಮೇಲೆ. ಶಿಬಿರದಲ್ಲಿ ಸೂಜಿ ಹಿಡಿಯುವವಳು ಅವಳೊಬ್ಬಳು ತಾನೆ.

ಭಾಗೀರಥಮ್ಮ ಹೊಲಿಗೆಯನ್ನು ಬೆಳಕಿಗೆ ಹಿಡಿದರು. ಒಂದು ಹೊಲಿಗೆ ಉದ್ದ, ಇನ್ನೊಂದು ಗಿಡ್ಡ, ಕೊನೆಯಲ್ಲಿ ಗೋಣಿಚೀಲಕ್ಕೆ ಹಾಕಿದಂಥ ಗಂಟು. ಮೂವತ್ತು ವರ್ಷ ಹೆಣ್ಣುಮಕ್ಕಳ ಹೊಲಿಗೆ ತಿದ್ದಿದ ಕಣ್ಣುಗಳವು. ಮೇಜಿನ ಮೇಲೆ ಹರಡಿದ್ದ ಕೊಡೆಯ ಅಂಚನ್ನು ಎಳೆದು ಪಕ್ಕಕ್ಕಿಟ್ಟು, ಎರಡೂ ಒಂದೇ ಕೈಯದು ಅನ್ನಿಸುತ್ತದೆಯೇ ನೋಡಿ ಎಂದರು.

ಬೇಕೆಂದೇ ಕೆಟ್ಟದಾಗಿ ಹೊಲಿದಿರಬಹುದು, ಅದು ಪುರಾವೆಯಾಗಲಾರದು ಎಂದು ಪ್ರೊಫೆಸರ್ ತಳ್ಳಿಹಾಕಿದರು. ಅದೂ ಸರಿಯೇ ಎಂದು ಭಾಗೀರಥಮ್ಮನಿಗೂ ಅನ್ನಿಸಿತು. ಅವರು ಮುನಿಸಿಕೊಳ್ಳಲಿಲ್ಲ. ತರಗತಿಯಲ್ಲಿ ತಪ್ಪು ಉತ್ತರ ಬಂದಾಗ ಮತ್ತೊಮ್ಮೆ ಬೇರೆ ದಾರಿಯಿಂದ ಕೇಳುವುದು ಅವರ ರೂಢಿ.

ಅವರು ಪೆಟ್ಟಿಗೆಯ ಕಡೆ ನೋಡಿದರು.

ತೊಲೆಗೆ ಕಟ್ಟಿದ ಹಗ್ಗದಲ್ಲಿ ಅದು ತೂಗುತ್ತಿತ್ತು. ದಿನಾ ಅದನ್ನು ಹಾಗೆ ತೂಗುಹಾಕಿ, ಯಾವ ಕಡೆಗೂ ವಾಲದೆ ನೇರ ನಿಂತಿದೆಯೇ ಎಂದು ಎಲ್ಲರೂ ನೋಡಬೇಕು. ಅದು ಶಿಬಿರದ ಕಟ್ಟಳೆ. ಒಂದು ಕಡೆ ಭಾರವಾದರೆ ಮೇಲೆ ಹೋದಾಗ ಪೆಟ್ಟಿಗೆ ಗಿರ್ರನೆ ತಿರುಗಿ ಎಲ್ಲ ಹಾಳಾಗುತ್ತದೆ.

"ಇದರೊಳಗೆ ಮತ್ತೆ ಚೀಲ ಇಡಪ್ಪ ವೆಂಕಟರಾಮ," ಎಂದರು.

ವೆಂಕಟರಾಮ ಇಟ್ಟ. ಪೆಟ್ಟಿಗೆ ಸ್ವಲ್ಪ ತೂಗಾಡಿ ನಿಂತಿತು. ಎಳ್ಳಷ್ಟೂ ವಾಲಲಿಲ್ಲ.

"ನೋಡಿದ್ರಾ. ಕದ್ದವನಿಗೆ ಬ್ಯಾಟರಿ ಸಿಕ್ಕಿದ ಮೇಲೆ ಪೆಟ್ಟಿಗೆ ವಾಲಿದ್ರೇನು, ಬಿದ್ದರೇನು? ಆದರೂ ತೂಕ ಸರಿ ಮಾಡಿಟ್ಟು ಹೋಗಿದಾನೆ. ಹೊರಗಿನ ಕಳ್ಳ ಹೀಗೆ ಮಾಡಲ್ಲ. ಈ ಮೇಜಿನಲ್ಲಿ ಪಾಠ ಕಲಿತವರ ಕೆಲಸ ಇದು."

ಮಹಾಲಕ್ಷ್ಮಿಯೂ ಆ ಮೇಜಿನವಳೇ ಅಲ್ಲವೇ ಎಂದು ಪ್ರೊಫೆಸರ್ ಮೆಲ್ಲಗೆ ನೆನಪಿಸಿದರು.

"ಅಲ್ಲಿಗೇ ಬರ್ತಾ ಇದೀನಿ. ಈಗ ಚೀಲ ತೂಗಿ."

ರಸಾಯನಶಾಸ್ತ್ರದ ಕೋಣೆಯಿಂದ ತಕ್ಕಡಿ ಬಂತು. ವೆಂಕಟರಾಮ ಒಂದೊಂದೇ ತೂಕದ ಬಟ್ಟು ಇಟ್ಟ. ಮುಳ್ಳು ನಡುವೆ ನಿಂತಿತು. ಆರುನೂರೈವತ್ತು ಗ್ರಾಂ.

ಬ್ಯಾಟರಿಯ ತೂಕ ಎಷ್ಟಿತ್ತು ಎಂದು ಭಾಗೀರಥಮ್ಮ ಜಯಪ್ಪನನ್ನು ಕೇಳಿದರು. ಅವನು ನೆಲ ನೋಡುತ್ತ, ಮೊದಲಿಂದ ಆರುನೂರಿತ್ತು, ನಿನ್ನೆ ಸಾಯಂಕಾಲ ತೂಗಿದಾಗ ಆರುನೂರೈವತ್ತು ಬಂತು, ಮುಚ್ಚೋಕೆ ಹಾಕಿದ ಮೇಣ ಜಾಸ್ತಿಯಾಗಿತ್ತು ಎಂದ.

ಆ ಮೇಜಿನ ಪದ್ಧತಿ ಭಾಗೀರಥಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮೂಲೆಯಲ್ಲಿ ಕೂತು ದಿನಾ ಕೇಳಿದ್ದರಲ್ಲ. ಯಾರೊಬ್ಬರೂ ತಮ್ಮಷ್ಟಕ್ಕೆ ಏನನ್ನೂ ಬದಲಾಯಿಸುವಂತಿಲ್ಲ. ತೂಕ ಬದಲಾದರೆ ಎದ್ದು ನಿಂತು ಗಟ್ಟಿಯಾಗಿ ಹೇಳಬೇಕು, ಉಳಿದವರೆಲ್ಲ ಅದನ್ನೇ ತಿರುಗಿ ಹೇಳಬೇಕು. ಪೆಟ್ಟಿಗೆಯ ಒಟ್ಟು ತೂಕ ಹೆಚ್ಚುವಂತಿಲ್ಲ. ಒಬ್ಬರಿಗೆ ಹೆಚ್ಚಾದದ್ದನ್ನು ಇನ್ನೊಬ್ಬರು ಬಿಟ್ಟುಕೊಡಬೇಕು. ಮೊದಲ ದಿನದಿಂದ ಜಗಳವೆಲ್ಲ ಆ ಬಿಟ್ಟುಕೊಡುವುದರಲ್ಲೇ. ಕೊಡೆಗೆ ಇಷ್ಟೊಂದು ಬಟ್ಟೆ ಯಾಕೆ ಎಂದು ಹುಡುಗರು ರೇಗಿಸಿದಾಗ, ಪೆಟ್ಟಿಗೆ ಪುಡಿಯಾಗಿ ಬಿದ್ದರೆ ಒಳಗಿರೋದನ್ನ ಗುಡಿಸೋಕೆ ಬರ್ತೀರಾ ಎಂದು ಮಹಾಲಕ್ಷ್ಮೀ ತಿರುಗಿ ಕೇಳಿದ್ದಳು.

"ನಿನ್ನೆ ಹೆಚ್ಚಿದ ಐವತ್ತು ಗ್ರಾಂನ ಯಾರು ಬಿಟ್ಟುಕೊಟ್ರು?"

"ಕೊಡೆಯಿಂದ ಕಳೆದಿದ್ದು," ಎಂದ ಮಂಜುನಾಥಪ್ಪ.

"ಅಲ್ಲೇ ಇದೆಯಲ್ಲ ಕಾರಣ," ಎಂದರು ಪ್ರೊಫೆಸರ್. "ತನ್ನ ಬಟ್ಟೆಗೆ ಕತ್ತರಿ ಬಿತ್ತು. ಸಿಟ್ಟು ಬಂತು. ಬ್ಯಾಟರಿಯನ್ನೇ ತೆಗೆದಳು. ಇದಕ್ಕಿಂತ ಇನ್ನೇನು ಬೇಕಮ್ಮಾ?"

ಭಾಗೀರಥಮ್ಮ ಕೆನ್ನೆಯಿಂದ ಕೈ ತೆಗೆದರು.

"ಸಿಟ್ಟು ಬರಬೇಕಾದರೆ ಕತ್ತರಿ ಬಿದ್ದದ್ದು ಗೊತ್ತಿರಬೇಕಲ್ಲ ಪ್ರೊಫೆಸರೇ. ನಿನ್ನೆ ಸಾಯಂಕಾಲ ನೀವೆಲ್ಲ ಇಲ್ಲಿ ಕೂತಾಗ ಅವಳು ಎಲ್ಲಿದ್ದಳು? ರಿಪ್ಪನ್‌ಪೇಟೆಯಲ್ಲಿ, ಡಾಕ್ಟರ ಬೆಂಚಿನ ಮೇಲೆ, ನನ್ನ ಕೈ ಹಿಡಕೊಂಡು. ಬರೋಷ್ಟರಲ್ಲಿ ದೀಪ ಹಚ್ಚಿದ್ರು. ಅವಳಿಗೆ ಗೊತ್ತಿದ್ದದ್ದು ಹಳೇ ತೂಕ. ಅವಳು ಮರಳು ತುಂಬಿದ್ದರೆ ಆರುನೂರೇ ತುಂಬುತ್ತಿದ್ದಳು. ಇಲ್ಲಿರೋದು ಆರುನೂರೈವತ್ತು. ಇದನ್ನ ಇಟ್ಟದ್ದು ನಿನ್ನೆ ಈ ಮೇಜಿನಲ್ಲಿ ಕೂತಿದ್ದವರು."

ಪ್ರೊಫೆಸರ ಬಾಯಿ ತೆರೆಯಿತು. ಏನೋ ಹೇಳುವವರಿದ್ದರು. ಆಮೇಲೆ ತುಟಿ ಕಚ್ಚಿಕೊಂಡು ಸುಮ್ಮನಾದರು.

ಕೋಣೆಗೆ ಕೋಣೆಯೇ ಉಸಿರು ಬಿಟ್ಟಂತಾಯಿತು. ಅಮ್ಮನ ಹಲ್ಲು ಕಿತ್ತರೂ ಬುದ್ಧಿ ಹಾಗೇ ಇದೆ ಎಂದು ಮಂಜುನಾಥಪ್ಪ ವೆಂಕಟರಾಮನ ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿಸಿತು. ಭಾಗೀರಥಮ್ಮ ಕಿಟಕಿಯ ಹತ್ತಿರ ಹೋಗಿ, ಬಸ್ಸು ಇನ್ನು ಹೋಗಲಿ, ಇಲ್ಲಿಂದ ಬರುವವರು ಯಾರೂ ಇಲ್ಲ ಎಂದು ಕಾವಲುಗಾರ ಜಟ್ಟಿಂಗಪ್ಪನಿಗೆ ಹೇಳಿದರು. ಬಸ್ಸು ಒಮ್ಮೆ ಕೆಮ್ಮಿ, ಕೆಂಪು ಧೂಳೆಬ್ಬಿಸಿ ಹೊರಟುಹೋಯಿತು.

ಅವರು ಹಿಂದಿರುಗಿದಾಗ ಮಹಾಲಕ್ಷ್ಮೀ ಎದ್ದು ನಿಂತಿದ್ದಳು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಅಮ್ಮಾ, ನಂಗೆ ಹೊಸ ತೂಕ ಗೊತ್ತಿತ್ತು."

"ಎಂತ ಹೇಳ್ತಿದೀಯ ಮಗಾ?"

"ಗೊತ್ತಿತ್ತು. ಆರುನೂರೈವತ್ತು ಅಂತ. ಕೊಡೇಲಿ ಐವತ್ತು ಗ್ರಾಂ ಕತ್ತರಿಸಬೇಕು ಅಂತಾನೂ ಗೊತ್ತಿತ್ತು. ಸಿಟ್ಟೂ ಬಂದಿತ್ತು."

ಭಾಗೀರಥಮ್ಮನಿಗೆ ದವಡೆಯಿಂದ ನೆತ್ತಿಯವರೆಗೆ ಒಂದು ನೋವು ಹೊಡೆದುಹೋಯಿತು. ಸುಮ್ಮನೆ ಇದ್ದಿದ್ದರೆ ಮುಗಿದಿತ್ತು. ಇಷ್ಟು ಹೊತ್ತು ತಾವು ಹೆಣೆದದ್ದನ್ನು ಹುಡುಗಿ ತಾನೇ ಎಳೆ ಹಿಡಿದು ಬಿಚ್ಚಿ ಹಾಕುತ್ತಿದ್ದಾಳೆ. ಆದರೂ ಗದರಿಸಲು ಅವರಿಗೆ ಬಾಯಿ ಬರಲಿಲ್ಲ. ಇಂಥ ಮಕ್ಕಳನ್ನು ಬೆಳೆಸಬೇಕೆಂದೇ ಅಲ್ಲವೇ ಅವರು ಸೀಮೆಸುಣ್ಣ ಹಿಡಿದದ್ದು. ಯಾಕೆ ಮೊದಲೇ ಹೇಳಲಿಲ್ಲ ಎಂದಷ್ಟೇ ಕೇಳಿದರು.

"ನೀವು ಚೀಲ ತೂಗಿಸ್ತಾ ಇದೀರಿ ಅಂತ ಕಂಡ್ತೇ ಹೊರತು, ಯಾಕೆ ಅಂತ ಗೊತ್ತಾಗ್ಲಿಲ್ಲ. ಈಗ ಗೊತ್ತಾಯ್ತು. ಸುಳ್ಳಿನ ಮೇಲೆ ನಾನು ಇಲ್ಲಿ ಉಳಿಯಲ್ಲ ಅಮ್ಮಾ. ಬ್ಯಾಟರಿ ನಾನು ತೆಗೆದಿಲ್ಲ. ಅದು ನಿಜ, ಅದರ ಮೇಲೇ ಉಳೀತೀನಿ."

"ನಿನಗೆ ತೂಕ ಹೇಳಿದ್ದು ಯಾರು?"

ಮಹಾಲಕ್ಷ್ಮೀ ತಿರುಗಿದಳು.

"ಸಾರ್ ಹೇಳಿದ್ರು."

ಹೊರಗೆ ಬಸ್ಸಿನ ಸದ್ದು ತಿರುವಿನಾಚೆ ಕರಗಿತು.

ಭಾಗೀರಥಮ್ಮ ನಿಧಾನವಾಗಿ ಒಂದು ಕುರ್ಚಿ ಎಳೆದು ಪ್ರೊಫೆಸರ ಎದುರಿಗೆ ಕೂತರು. ಸೆರಗು ಸರಿಮಾಡಿಕೊಂಡರು. ಅವಸರ ಮಾಡಲಿಲ್ಲ.

"ಮೇಜಿಗೆ ಬಾರದವರಿಗೆ ಅದೇ ದಿನ ಹೊಸ ತೂಕ ಮುಟ್ಟಿಸಬೇಕು. ನೀವು ಮಾಡಿದ ಕಟ್ಟಳೆ. ನೀವೇ ಮುಟ್ಟಿಸಿದ್ರಿ, ಸರಿ. ಈಗಷ್ಟೇ ನಾನು, ಅವಳಿಗೆ ಗೊತ್ತಿರಲಿಲ್ಲ ಅಂದೆ. ಗೊತ್ತಿತ್ತು, ನಾನೇ ಹೇಳಿದ್ದೆ ಅಂತ ಒಂದು ಮಾತು ಅಂದಿದ್ರೆ ನನ್ನ ವಾದ ಮಣ್ಣು ಮುಕ್ಕುತ್ತಿತ್ತು. ಅವಳನ್ನ ಕಳಿಸಲೇಬೇಕು ಅಂತ ಬಸ್ಸು ನಿಲ್ಲಿಸಿದವರು ಆ ಮಾತನ್ನ ಯಾಕೆ ನುಂಗಿದ್ರಿ?"

ಪ್ರೊಫೆಸರ್ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಎಲ್ಲಿ ಹೇಳಿದ್ರು ಮಗಾ ನಿನಗೆ?"

"ರಾತ್ರಿ ಪೆಟ್ಟಿಗೆ ಇಡೋ ಕೋಣೆ ಜಗಲೀಲಿ. ದೀಪ ಹಚ್ಚೋ ಹೊತ್ತು. ಸಾರ್ ಒಳಗಿಂದ ಬರ್ತಾ ಇದ್ರು. ನನ್ನ ಕಂಡು ಬೆಚ್ಚಿಬಿದ್ರು. ಆಮೇಲೆ ತೂಕ ಹೇಳಿದ್ರು."

ಸಾಯಂಕಾಲ ಮೇಜಿನ ಸಭೆ ಮುಗಿದ ಮೇಲೆ ಪೆಟ್ಟಿಗೆ ಕೋಣೆಗೆ ಯಾರೂ ಹೋಗಿಲ್ಲ ಎಂದು ಬೆಳಿಗ್ಗೆಯಿಂದ ಹೇಳುತ್ತಿದ್ದವರು ಅವರೇ. ಸಿಕ್ಕಿಬೀಳುವ ಹೊತ್ತಿನಲ್ಲೂ ಪಾಪ, ತೂಕ ಮುಟ್ಟಿಸುವ ರೂಢಿ ಬಿಡಲಿಲ್ಲ ಎಂದುಕೊಂಡರು ಭಾಗೀರಥಮ್ಮ. ಮರಳಿನ ತೂಕ ಸರಿ ಮಾಡಿದ ಕೈಗೂ ಅದೇ ರೂಢಿ. ಈ ಮೇಜು ಇವರನ್ನೆಲ್ಲ ಎಷ್ಟು ಚೆನ್ನಾಗಿ ಪಳಗಿಸಿಬಿಟ್ಟಿದೆ.

"ಚೀಲ ನೀವು ಹೊಲಿದ್ರಾ?"

"ನಾನು ಹೊಲಿದೆ."

ಉತ್ತರ ಬಂದದ್ದು ಪ್ರೊಫೆಸರಿಂದಲ್ಲ. ಜಯಪ್ಪ ಎದ್ದು ನಿಂತಿದ್ದ. ದೊಡ್ಡ ಆಳು, ಕಣ್ಣು ಮಾತ್ರ ಮಗುವಿನ ಹಾಗೆ ಒದ್ದೆಯಾಗಿತ್ತು.

"ಕೂತ್ಕೋ ಜಯಪ್ಪ," ಎಂದರು ಪ್ರೊಫೆಸರ್.

"ಸಾಕು ಸಾರ್. ನಂಗಾಗಲ್ಲ."

ಅವನು ಹೇಳಿದ್ದನ್ನು ಭಾಗೀರಥಮ್ಮ ತುಂಡು ತುಂಡಾಗಿ ಕೇಳಿ ಜೋಡಿಸಿಕೊಂಡರು. ಮೇಣ ಜಾಸ್ತಿಯಾಗಿತ್ತು ಎಂದದ್ದು ಸುಳ್ಳು. ತಾನು ಕಟ್ಟಿದ ಬ್ಯಾಟರಿ ರಾತ್ರಿ ಕಳೆಯುವುದರಲ್ಲಿ ಐವತ್ತು ಗ್ರಾಂ ಭಾರವಾದದ್ದು ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಮೇಜಿನ ಮುಂದೆ ಹೇಳಲು ನಾಚಿಕೆಯಾಗಿ ಬಾಯಿಗೆ ಬಂದದ್ದು ಹೇಳಿಬಿಟ್ಟ. ಆಮೇಲೆ ಮನಸ್ಸು ತಡೆಯದೆ, ಒಬ್ಬನೇ ಹೋಗಿ ಮೇಣ ಒಡೆದು ನೋಡಿದ.

"ಒಳಗೆ ಒಂದು ಡಬ್ಬಿ ಇತ್ತು ಅಮ್ಮಾ. ಫೋಟೋ ಫಿಲ್ಮಿನ ಸಣ್ಣ ಡಬ್ಬಿ, ಒಳಗೆ ಸುರುಳಿ ಇತ್ತು. ನಾನು ಇಟ್ಟಿದ್ದಲ್ಲ. ದೇವರಾಣೆ ಅಲ್ಲ. ಅಷ್ಟರಲ್ಲಿ ಸಾರ್ ಬಂದ್ರು."

ಉಳಿದದ್ದನ್ನು ಪ್ರೊಫೆಸರೇ ಹೇಳಬೇಕಾಯಿತು. ಯಾರೋ ಶಿಬಿರದ ಪೆಟ್ಟಿಗೆಯಲ್ಲಿ ಏನನ್ನೋ ಕದ್ದು ಸಾಗಿಸಲು ನೋಡಿದ್ದಾರೆ. ಪೆಟ್ಟಿಗೆ ಎಲ್ಲೋ ದೂರದ ಗದ್ದೆಯಲ್ಲಿ ಇಳಿದಾಗ ಅದನ್ನು ಮೊದಲು ಮುಟ್ಟಲು ಯಾರೋ ಕಾದಿರಬಹುದು. ಸುದ್ದಿ ಹೊರಬಿದ್ದರೆ ಪೊಲೀಸರು ಬಂದು ಬೀಗ ಜಡಿಯುತ್ತಾರೆ, ರಾಕೆಟ್ಟಿನ ಜಾಗ ಹೋಗುತ್ತದೆ, ಹುಡುಗರ ಭವಿಷ್ಯ ಹೋಗುತ್ತದೆ. ಬ್ಯಾಟರಿ ಒಡೆದು ಕೆಟ್ಟಿತ್ತು. ಶಿವಮೊಗ್ಗದಿಂದ ಇನ್ನೊಂದು ಬರುವವರೆಗೆ ಮರಳು ತುಂಬಿಡು, ಪೆಟ್ಟಿಗೆ ವಾಲಬಾರದು, ಬಾಯಿ ಬಿಡಬೇಡ ಎಂದು ಜಯಪ್ಪನಿಗೆ ಹೇಳಿದ್ದು ತಾವೇ. ಬೆಳಿಗ್ಗೆ ವೆಂಕಟರಾಮ ಮೊದಲೇ ಗುಂಡಿ ಒತ್ತಿಬಿಟ್ಟ. ಯಾರಾದರೂ ಒಬ್ಬರ ಮೇಲೆ ಹಾಕಿ ಮುಗಿಸಬೇಕಾಗಿತ್ತು.

"ಯಾರಾದರೂ ಒಬ್ಬರಲ್ಲ ಸಾರ್," ಎಂದಳು ಮಹಾಲಕ್ಷ್ಮೀ. ದನಿ ಏರಲಿಲ್ಲ. "ಹುಡುಗನ್ನ ಕಳಿಸಿದ್ರೆ ಅವನ ಅಪ್ಪ ಬಂದು ಯಾಕೆ ಅಂತ ಕೇಳ್ತಾನೆ. ಹುಡುಗಿ ಮನೆಗೆ ಹೋದ್ರೆ ಯಾರೂ ಕೇಳಲ್ಲ. ನಮ್ಮಪ್ಪ ಮದುವೆ ಮಾಡಿ ಮುಗಿಸ್ತಾರೆ. ಅಷ್ಟು ಲೆಕ್ಕ ಹಾಕಿದ್ರಿ."

ಅವಳು ಮೇಜಿನ ಮೇಲಿದ್ದ ಕೊಡೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಾನು ಇಲ್ಲೇ ಇರ್ತೀನಿ. ನಾಳೆ ಪೆಟ್ಟಿಗೆ ಹಾರುತ್ತೆ. ಇಲ್ಲದ ಭಾರಕ್ಕೆ ಕತ್ತರಿಸಿದ ನನ್ನ ಐವತ್ತು ಗ್ರಾಂ ಬಟ್ಟೆ ನಂಗೆ ವಾಪಸ್ ಬೇಕು."

ನಿಂತಲ್ಲಿಂದಲೇ, ಮೇಜಿನ ಪದ್ಧತಿಯಂತೆ, ಗಟ್ಟಿಯಾಗಿ ಹೇಳಿದಳು: "ಕೊಡೆಗೆ ಐವತ್ತು ಗ್ರಾಂ ಹೆಚ್ಚು."

ಮೊದಲು ಜಯಪ್ಪ, ಮೂಗು ಒರೆಸಿಕೊಳ್ಳುತ್ತ, "ಕೊಡೆಗೆ ಐವತ್ತು ಗ್ರಾಂ ಹೆಚ್ಚು," ಎಂದ. ಮಂಜುನಾಥಪ್ಪ ಹೇಳಿದ. ವೆಂಕಟರಾಮ ಹೇಳಿದ. ಕೊನೆಗೆ ಪ್ರೊಫೆಸರೂ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ತುಟಿಯಾಡಿಸಿದರು.

ಭಾಗೀರಥಮ್ಮ ಆ ದನಿಗಳನ್ನು ಕೇಳುತ್ತ ಕೂತಿದ್ದರು. ಹುಡುಗಿಯ ಜಾಗ ಉಳಿಯಿತು. ಆದರೆ ಮುಚ್ಚಿದ ಬ್ಯಾಟರಿಯನ್ನು ಬಿಚ್ಚಿ, ಡಬ್ಬಿ ಇಟ್ಟು, ಗುರುತು ಸಿಗದಂತೆ ಮತ್ತೆ ಮೇಣ ಹಾಕಬಲ್ಲ ಕೈ ಈ ಶಾಲೆಯೊಳಗೇ ಇದೆ.

"ಡಬ್ಬಿ ಎಲ್ಲಿ ಪ್ರೊಫೆಸರೇ?"

ಅದು ಈ ಕೋಣೆಯ ಮೂಲೆಯಲ್ಲಿರುವ ನನ್ನ ಮೇಜಿನ ಖಾನೆಯಲ್ಲಿ ಭದ್ರವಾಗಿದೆ, ಬೀಗದ ಕೈ ಜನಿವಾರಕ್ಕೇ ಕಟ್ಟಿಕೊಂಡಿದ್ದೇನೆ ಎಂದರು ಅವರು. ಎಲ್ಲರ ಕಣ್ಣೆದುರಿಗೆ ಖಾನೆ ತೆಗೆದು, ಬೆರಳುದ್ದದ ತಗಡಿನ ಡಬ್ಬಿಯನ್ನು ಭಾಗೀರಥಮ್ಮನ ಕೈಗೆ ಕೊಟ್ಟರು.

ಅವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮುಚ್ಚಳ ತಿರುಗಿಸಿದರು. ಬುಡ ಮೇಲೆ ಮಾಡಿ ಅಂಗೈ ಮೇಲೆ ತಟ್ಟಿದರು.

ಏನೂ ಬೀಳಲಿಲ್ಲ.

ಪ್ರೊಫೆಸರ್ ಡಬ್ಬಿಯನ್ನು ಕಿತ್ತುಕೊಂಡು ಒಳಗೆ ಬೆರಳು ಹಾಕಿ ನೋಡಿದರು. ಮುಖ ಸುಣ್ಣದ ಹಾಗಾಯಿತು.

"ಬೆಳಿಗ್ಗೆ ಸುರುಳಿ ಒಳಗೇ ಇತ್ತು," ಎಂದರು. "ನೀವೆಲ್ಲ ಈ ಕೋಣೆಗೆ ಬಂದು ಕೂತ ಮೇಲೆ, ಬೀಗ ತೆಗೆದು ಕಣ್ಣಾರೆ ನೋಡಿದೀನಿ. ಆಗ ಇತ್ತು."

ಮಹಾಲಕ್ಷ್ಮೀ ಹೋಗಿ ಬಾಗಿಲು ಮುಚ್ಚಿದಳು. ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು, ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಳು.